ಬಳ್ಳಾರಿ, ಕೊಪ್ಪಳ, ರಾಯಚೂರಿನಿಂದ ಕ್ರೂಸ್‌ಗೆ ಹೊರಟವರಿಗೆ: ಇಮಿಗ್ರೇಷನ್, ಕಸ್ಟಮ್ಸ್ ದಾಟುವ ಸಮಗ್ರ ಮಾರ್ಗದರ್ಶಿ

ನಮ್ಮ ಕಡೆಯ ಕಬ್ಬಿಣದ ಅದಿರು ಎಷ್ಟೋ ವರ್ಷ ಮರ್ಮಗೋವಾ, ಮಂಗಳೂರು, ಚೆನ್ನೈ ಬಂದರುಗಳಿಗೆ ಹೋಗಿ ಹಡಗು ಹತ್ತಿದೆ. ಈಗ ನಮ್ಮ ಜನ ಹತ್ತುತ್ತಿದ್ದಾರೆ. ನಿವೃತ್ತರಾದ ಮೇಷ್ಟ್ರು, ಮಕ್ಕಳ ಮದುವೆ ಮುಗಿಸಿದ ದಂಪತಿ, ರಜೆಗೆ ಬಂದ ಮಗ ಸೊಸೆಯ ಜೊತೆ ಹೊರಟ ಅಜ್ಜ ಅಜ್ಜಿ. ಬಳ್ಳಾರಿಯಲ್ಲಿ ಟಿಕೆಟ್, ವೀಸಾ ಕೆಲಸ ಮಾಡಿಕೊಡುವ ನನ್ನ ಹತ್ತಿರ ಬಂದವರು ಮೊದಲು ಕೇಳುವುದು ರೂಮಿಗೆ ಬಾಲ್ಕನಿ ಇದೆಯಾ, ಸಸ್ಯಾಹಾರ ಸಿಗುತ್ತಾ ಅಂತ. ಇಮಿಗ್ರೇಷನ್, ಕಸ್ಟಮ್ಸ್ ಬಗ್ಗೆ ಕೇಳುವವರು ಕಡಿಮೆ. ಹಡಗು ತಪ್ಪುವುದು ಮಾತ್ರ ಅಲ್ಲೇ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಬಂದರಿನ ಕೌಂಟರ್‌ನಲ್ಲಿ ಹೊಸದಾಗಿ ನಿರ್ಧಾರ ಆಗುವುದು ತೀರಾ ಕಡಿಮೆ. ನೀವು ವಾರಗಳ ಹಿಂದೆ ಮನೆಯಲ್ಲಿ ಕೂತು ತುಂಬಿದ್ದನ್ನೇ ಅಲ್ಲಿ ತಾಳೆ ನೋಡುತ್ತಾರೆ. ಹಾಗಾಗಿ ಕೆಲಸದ ದೊಡ್ಡ ಪಾಲು ನಮ್ಮೂರಲ್ಲೇ ಮುಗಿಯಬೇಕು.

ಮೊದಲು ನೋಡಿ: ನಿಮ್ಮದು ಯಾವ ಥರದ ಪ್ರಯಾಣ?

ಮೂರು ಥರ ಇವೆ. ಪ್ರತಿಯೊಂದಕ್ಕೂ ಕಾಗದ ಬೇರೆ.

ಮೊದಲನೆಯದು ದೇಶದೊಳಗೇ ಸುತ್ತುವುದು: ಮುಂಬೈನಿಂದ ಗೋವಾ, ಕೊಚ್ಚಿ, ಲಕ್ಷದ್ವೀಪ. ಹಡಗು ವಿದೇಶಿ ಬಂದರು ಮುಟ್ಟದಿದ್ದರೆ ಇಮಿಗ್ರೇಷನ್ ಮುದ್ರೆ ಇಲ್ಲ, ಪಾಸ್‌ಪೋರ್ಟ್ ಕಡ್ಡಾಯವಲ್ಲ. ಸರ್ಕಾರ ಕೊಟ್ಟ ಫೋಟೊ ಗುರುತಿನ ಚೀಟಿಯ ಮೂಲ ಪ್ರತಿ ಸಾಕು. ಲಕ್ಷದ್ವೀಪ ಮಾತ್ರ ಬೇರೆ. ಭಾರತೀಯರಾದರೂ ಅಲ್ಲಿ ಇಳಿಯಲು ಪ್ರವೇಶ ಪರವಾನಗಿ ಬೇಕು. ಅದನ್ನು ಹಡಗು ಕಂಪನಿಯೇ ಮಾಡಿಸುತ್ತದೆಯೇ, ನಿಮ್ಮಿಂದ ಯಾವ ಕಾಗದ ಬೇಕು ಎಂದು ಬುಕಿಂಗ್ ದಿನವೇ ಕೇಳಿ ಬರೆಸಿಕೊಳ್ಳಿ.

ಎರಡನೆಯದು ಭಾರತದಿಂದ ಹೊರಟು ಬೇರೆ ದೇಶ ಮುಟ್ಟಿ ಬರುವುದು. 2023ರ ಜೂನ್‌ನಲ್ಲಿ ಚೆನ್ನೈನಿಂದ ಶ್ರೀಲಂಕಾಕ್ಕೆ ಇಂಥ ಕ್ರೂಸ್ ಶುರುವಾಯಿತು. ಹಂಬನತೋಟ, ತ್ರಿಕೋಣಮಲೈ, ಕಂಕೇಸಂತುರೈ ಬಂದರುಗಳನ್ನು ಮುಟ್ಟುವ ದಾರಿ ಅದು. ಇಲ್ಲಿ ಹೋಗುವಾಗಲೂ ಬರುವಾಗಲೂ ಬಂದರಿನಲ್ಲೇ ಇಮಿಗ್ರೇಷನ್, ಕಸ್ಟಮ್ಸ್ ಎರಡೂ ಆಗುತ್ತವೆ.

ಮೂರನೆಯದು ವಿಮಾನದಲ್ಲಿ ಸಿಂಗಪುರಕ್ಕೋ ದುಬೈಗೋ ಹೋಗಿ ಅಲ್ಲಿ ಹಡಗು ಹತ್ತುವುದು. ನಮ್ಮ ಕಡೆಯಿಂದ ಈಗ ಜಾಸ್ತಿ ಜನ ಹೋಗುತ್ತಿರುವುದು ಹೀಗೆ. ಕಾಗದದ ತಲೆನೋವು ಜಾಸ್ತಿ ಇರುವುದೂ ಇದರಲ್ಲೇ.

ಹಡಗಿಗೇ ಮೊದಲು ಅನುಮತಿ ಸಿಗಬೇಕು

ಇದನ್ನು ತಿಳಿದುಕೊಂಡರೆ ಮುಂದಿನ ನಿಯಮಗಳೆಲ್ಲ ಯಾಕಿವೆ ಅನ್ನುವುದು ತಾನಾಗಿ ಅರ್ಥವಾಗುತ್ತದೆ.

ಹಡಗು ಬಂದರು ಮುಟ್ಟುವ ಮೊದಲೇ ಅದರ ಏಜೆಂಟ್ ಕಾಗದಗಳನ್ನು ಕಳಿಸಿರುತ್ತಾನೆ. ಹಡಗುಗಳ ಕಾಗದಪತ್ರ ಸುಲಭ ಮಾಡಲು ದೇಶಗಳು ಮಾಡಿಕೊಂಡ 1965ರ ಫಾಲ್ ಒಪ್ಪಂದದ ಪ್ರಕಾರ ಇದಕ್ಕೆ ಜಗತ್ತಿಗೆಲ್ಲ ಒಂದೇ ಬಗೆಯ ನಮೂನೆಗಳಿವೆ. ಹಡಗಿನ ಸಾಮಾನ್ಯ ಘೋಷಣೆ, ಉಗ್ರಾಣದ ಪಟ್ಟಿ, ಸಿಬ್ಬಂದಿಯ ಸಾಮಾನಿನ ಪಟ್ಟಿ, ಸಿಬ್ಬಂದಿ ಪಟ್ಟಿ, ಪ್ರಯಾಣಿಕರ ಪಟ್ಟಿ ಹೀಗೆ. 2024ರ ಜನವರಿ 1ರಿಂದ ಇವೆಲ್ಲವನ್ನೂ ಒಂದೇ ಆನ್‌ಲೈನ್ ಕಿಂಡಿಯಲ್ಲಿ ಪಡೆಯುವ ವ್ಯವಸ್ಥೆ ಒಪ್ಪಂದದ ದೇಶಗಳಿಗೆ ಕಡ್ಡಾಯ.

ಭಾರತದಲ್ಲಿ ಇದರ ಬುನಾದಿ 1962ರ ಕಸ್ಟಮ್ಸ್ ಕಾಯ್ದೆ. ಸೆಕ್ಷನ್ 30ಎ ಪ್ರಕಾರ ಬರುವ ಪ್ರಯಾಣಿಕರ, ಸಿಬ್ಬಂದಿಯ ಪಟ್ಟಿ ಕೊಡಬೇಕು. ಸೆಕ್ಷನ್ 41ಎ ಪ್ರಕಾರ ಹೋಗುವವರ ಪಟ್ಟಿ. ಸೆಕ್ಷನ್ 42ರ ಪ್ರಕಾರ ಅಧಿಕಾರಿಯ ಲಿಖಿತ ಆದೇಶವಿಲ್ಲದೆ ಹಡಗು ಬಂದರು ಬಿಡುವಂತಿಲ್ಲ. ಇದರ ಜೊತೆ ಬಂದರು ಆರೋಗ್ಯಾಧಿಕಾರಿಯ ಒಪ್ಪಿಗೆ ಬೇಕು. ಹಡಗಿನಲ್ಲಿ ಅಂಟುರೋಗ ಇಲ್ಲ ಎಂದು ಖಾತ್ರಿಯಾದ ಮೇಲೆ ಕೊಡುವ ಈ ಒಪ್ಪಿಗೆಗೆ ಫ್ರೀ ಪ್ರಾಟಿಕ್ ಎನ್ನುತ್ತಾರೆ. ಅದನ್ನು ಕೋರುವ ಹಡಗು ಹಳದಿ ಬಾವುಟ ಏರಿಸುತ್ತದೆ. ಕಸ್ಟಮ್ಸ್‌ನವರು ತೆರಿಗೆ ಕಟ್ಟದ ಮದ್ಯ, ಸಿಗರೇಟು ಇರುವ ಉಗ್ರಾಣಕ್ಕೆ ಸೀಲ್ ಹಾಕುತ್ತಾರೆ. ಬಂದರಿನಲ್ಲಿ ನಿಂತಾಗ ಹಡಗಿನ ಡ್ಯೂಟಿ ಫ್ರೀ ಅಂಗಡಿ ಮುಚ್ಚಿರುವುದು ಇದಕ್ಕೇ.

ಈಗ ಯೋಚಿಸಿ. ಸಾವಿರಾರು ಜನರ ಪಟ್ಟಿಯಲ್ಲಿ ನಿಮ್ಮ ಹೆಸರು ಪಾಸ್‌ಪೋರ್ಟ್‌ಗಿಂತ ಬೇರೆ ಇದ್ದರೆ ಹಡಗಿನ ಕಾಗದವೇ ತಪ್ಪಾಗುತ್ತದೆ. ಅದಕ್ಕೇ ಕಂಪನಿಯವರು ಅಷ್ಟು ಕಟ್ಟುನಿಟ್ಟು. ಪಟ್ಟಿ ಹೋದ ಮೇಲೆ ಹೆಸರು ತಿದ್ದಲು ಅವರು ಒಪ್ಪುವುದಿಲ್ಲ, ಒಪ್ಪಲು ಆಗುವುದೂ ಇಲ್ಲ.

ಆನೆಗೊಂದಿ, ಸಣಾಪುರದ ಕಡೆ ಹೋಮ್‌ಸ್ಟೇ ನಡೆಸುವವರಿಗೂ ಇಲ್ಲೊಂದು ಮಾತು. ಮರ್ಮಗೋವಾದಲ್ಲಿ ಕ್ರೂಸ್‌ನಿಂದ ಇಳಿದ ವಿದೇಶಿ ಪ್ರವಾಸಿ ಹಂಪಿ ನೋಡಲು ಬಂದು ನಿಮ್ಮಲ್ಲಿ ರಾತ್ರಿ ಉಳಿದರೆ, 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ತಿಳಿಸುವುದು (ಹಿಂದೆ ಈ ನಮೂನೆಗೆ ಫಾರ್ಮ್ ಸಿ ಎನ್ನುತ್ತಿದ್ದರು) ನಿಮ್ಮ ಹೊಣೆ. ಹಡಗಿನಲ್ಲಿ ಬಂದವರು ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ಅವರ ವೀಸಾ ಅಥವಾ ಲ್ಯಾಂಡಿಂಗ್ ಪರ್ಮಿಟ್ (ದಡಕ್ಕೆ ಇಳಿಯುವ ಪರವಾನಗಿ) ಏನು ಹೇಳುತ್ತದೆ ಎಂದು ಓದಿ, ಆಮೇಲೆ ರೂಮು ಕೊಡಿ.

ಹೆಜ್ಜೆ 1: ಪಾಸ್‌ಪೋರ್ಟ್. ಅದರಲ್ಲೂ ಹೆಸರು

ಬಳ್ಳಾರಿಯಲ್ಲೂ ರಾಯಚೂರಿನಲ್ಲೂ ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಸುಮ್ನೆ ಬೆಂಗಳೂರಿಗೆ ಓಡಬೇಕಿಲ್ಲ. ದೊಡ್ಡವರ 36 ಪುಟದ ಪಾಸ್‌ಪೋರ್ಟ್‌ಗೆ 1,500 ರೂಪಾಯಿ, ತತ್ಕಾಲ್ ಆದರೆ ಮೇಲೆ 2,000. ಪ್ರವಾಸ ಮುಗಿದು ವಾಪಸ್ ಬರುವ ದಿನದಿಂದ ಮುಂದಕ್ಕೆ ಕನಿಷ್ಠ ಆರು ತಿಂಗಳ ಅವಧಿ ಇರಲಿ. ಖಾಲಿ ಪುಟಗಳೂ ಇರಲಿ.

ಇಲ್ಲಿ ನಮ್ಮ ಕಡೆಯ ದೊಡ್ಡ ತೊಡಕು ಹೆಸರಿನದು. ನಮ್ಮಲ್ಲಿ ಬಹಳ ಜನಕ್ಕೆ ಸರ್‌ನೇಮ್ ಎಂಬುದೇ ಇಲ್ಲ. ಹುಲಿಗೆಮ್ಮ ಅಂದರೆ ಹುಲಿಗೆಮ್ಮ ಅಷ್ಟೇ. ಗಂಡಸರಿಗೆ ಮುಂದೆ ಊರಿನ ಅಕ್ಷರ, ಅಪ್ಪನ ಅಕ್ಷರ. ಒಂದು ದಾಖಲೆಯಲ್ಲಿ ಅದು ಮುಂದೆ, ಇನ್ನೊಂದರಲ್ಲಿ ಹಿಂದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಪೂರ್ತಿ ಬರೆಯಬೇಕು. ಹೊಸದಾಗಿ ಮಾಡಿಸುವವರು ಈ ಹಂತದಲ್ಲೇ ಸರ್‌ನೇಮ್ ಜಾಗ ತುಂಬಿಸಿಕೊಳ್ಳುವುದು ಒಳ್ಳೆಯದು. ಅಪ್ಪನ ಹೆಸರೋ ಮನೆತನದ ಹೆಸರೋ, ಯಾವುದಾದರೂ ಒಂದು. ಆದರೆ ಅದಕ್ಕೆ ಆಧಾರ್ ಮತ್ತು ಉಳಿದ ದಾಖಲೆ ಹೊಂದಬೇಕು, ಹಾಗಾಗಿ ಆಧಾರ್ ಮೊದಲು ಸರಿಮಾಡಿ.

ಒಂದೇ ಹೆಸರಿನ ಪಾಸ್‌ಪೋರ್ಟ್ ಈಗಾಗಲೇ ಕೈಯಲ್ಲಿದ್ದರೆ? 2022ರ ನವೆಂಬರ್‌ನಲ್ಲಿ ಯುಎಇ ಇಂಥವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶ ಇಲ್ಲ ಎಂದಿತು. ಪಾಸ್‌ಪೋರ್ಟ್‌ನ ಎರಡನೇ ಪುಟದಲ್ಲಿ ಅಪ್ಪನ ಅಥವಾ ಮನೆತನದ ಹೆಸರಿದ್ದರೆ ಆಗುತ್ತದೆ ಎಂದು ಆಮೇಲೆ ತಿಳಿಸಿತು. ದುಬೈ ಕ್ರೂಸ್‌ಗೆ ಹೊರಡುವ ಅಮ್ಮ ಅಜ್ಜಿಯರ ಪಾಸ್‌ಪೋರ್ಟ್‌ನಲ್ಲಿ ಮೊದಲು ಆ ಪುಟ ತೆರೆದು ನೋಡಿ.

ಬುಕಿಂಗ್ ಫಾರ್ಮ್‌ನಲ್ಲಿ ಸರ್‌ನೇಮ್ ಖಾಲಿ ಬಿಡಲು ಆಗುವುದಿಲ್ಲ. ಕೆಲವು ಕಂಪನಿಗಳು ಹೆಸರನ್ನೇ ಎರಡು ಸಲ ಬರೆಯಿರಿ ಎನ್ನುತ್ತವೆ, ಕೆಲವು ಎಫ್‌ಎನ್‌ಯು (ಫಸ್ಟ್ ನೇಮ್ ಅನ್‌ನೋನ್) ಎಂಬ ಅಕ್ಷರ ಹಾಕಿಸುತ್ತವೆ. ನೀವೇ ಊಹೆ ಮಾಡಬೇಡಿ. ಕಂಪನಿಗೆ ಕೇಳಿ, ಅವರ ಉತ್ತರವನ್ನು ಇಮೇಲ್‌ನಲ್ಲಿ ಪಡೆದು, ಅದರ ಪ್ರಿಂಟ್ ಜೊತೆಗಿಡಿ.

ಹುಟ್ಟಿದ ದಿನಾಂಕವನ್ನೂ ತಾಳೆ ನೋಡಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಎಂದು ಬರೆದವರು ನಮ್ಮಲ್ಲಿ ಎಷ್ಟೊಂದು ಜನ ಅಲ್ವಾ? ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಅದು, ಆಧಾರ್‌ನಲ್ಲಿ ಇನ್ನೊಂದು. ಹಡಗಿನ ಪಟ್ಟಿಗೆ, ವೀಸಾಕ್ಕೆ, ವಿಮಾನದ ಟಿಕೆಟ್‌ಗೆ ಪಾಸ್‌ಪೋರ್ಟ್‌ನಲ್ಲಿ ಇರುವುದನ್ನೇ ಹಾಕಿ. ನಿಜವಾದ ಹುಟ್ಟುಹಬ್ಬ ಯಾವಾಗ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್‌ನಲ್ಲಿ ಇಸಿಆರ್ (ಎಮಿಗ್ರೇಷನ್ ಚೆಕ್ ರಿಕ್ವೈರ್ಡ್, ಅಂದರೆ ಹೊರಡುವಾಗ ತಪಾಸಣೆ ಬೇಕು) ಎಂದು ಇರಬಹುದು. ಅದನ್ನು ನೋಡಿ ಹೆದರುವವರಿದ್ದಾರೆ. ಆ ನಿಯಮ ಇರುವುದು 18 ದೇಶಗಳಿಗೆ ಕೆಲಸಕ್ಕೆ ಹೋಗುವವರಿಗೆ. ಮಲೇಷ್ಯಾ, ಥಾಯ್ಲೆಂಡ್, ಇಂಡೋನೇಷ್ಯಾ, ಯುಎಇ ಆ ಪಟ್ಟಿಯಲ್ಲಿವೆ ನಿಜ, ಆದರೆ ಪ್ರವಾಸಕ್ಕೆ ಹೋಗಲು ಎಮಿಗ್ರೇಷನ್ ಅನುಮತಿ ಬೇಕಿಲ್ಲ. ವೀಸಾ ಬೇಕಾದಲ್ಲಿ ವೀಸಾ, ವಾಪಸ್ ಬರುವ ಟಿಕೆಟ್, ಕ್ರೂಸ್ ಬುಕಿಂಗ್ ಮೂರನ್ನೂ ಕೈಯಲ್ಲೇ ಇಟ್ಟುಕೊಳ್ಳಿ, ಅಧಿಕಾರಿ ಕೇಳುತ್ತಾರೆ. 50 ವರ್ಷ ದಾಟಿದವರು ಇಸಿಆರ್ ಇಲ್ಲದ ಪಾಸ್‌ಪೋರ್ಟ್‌ಗೆ ಅರ್ಹರು. ಹೊಸದು ಮಾಡಿಸುವಾಗ ಅದನ್ನು ಕೇಳಿ ಪಡೆಯಿರಿ.

ಕೂಡು ಕುಟುಂಬದಲ್ಲಿ ಅಣ್ಣನ ಮಕ್ಕಳನ್ನು ತಮ್ಮ ಕರೆದೊಯ್ಯುವುದು ಸಹಜ. ಬಂದರಿನಲ್ಲಿ ಅದು ಸಹಜವಾಗಿ ಕಾಣುವುದಿಲ್ಲ. ಅಪ್ಪ ಅಮ್ಮ ಇಬ್ಬರೂ ಸಹಿ ಮಾಡಿದ, ನೋಟರಿ ಆದ ಒಪ್ಪಿಗೆ ಪತ್ರ, ಅವರ ಗುರುತಿನ ಪ್ರತಿ, ಮಗುವಿನ ಜನನ ಪ್ರಮಾಣಪತ್ರ ಜೊತೆಗಿರಲಿ. ಒಪ್ಪಿಗೆ ಪತ್ರ ಇಂಗ್ಲಿಷಿನಲ್ಲಿರಲಿ.

ಹೆಜ್ಜೆ 2: ವೀಸಾ. ಮುಟ್ಟುವ ಪ್ರತಿ ಬಂದರಿಗೂ

ಹಡಗಿನಿಂದ ಇಳಿಯದಿದ್ದರೂ ಆ ದೇಶದ ನಿಯಮ ನಿಮಗೆ ಅನ್ವಯವಾಗಬಹುದು. "ನಾವು ಮೇಲೇ ಇರ್ತೀವಿ, ವೀಸಾ ಯಾಕೆ" ಎಂಬ ವಾದ ಹತ್ತುವ ಕೌಂಟರ್‌ನಲ್ಲಿ ನಡೆಯುವುದಿಲ್ಲ. ಒಂದು ಬಂದರಿಗೆ ವೀಸಾ ಇಲ್ಲದಿದ್ದರೂ ಇಡೀ ಪ್ರಯಾಣಕ್ಕೇ ಹತ್ತಿಸದೆ ಇರಬಹುದು, ಹಣವೂ ವಾಪಸ್ ಬರುವುದಿಲ್ಲ. ಹಾಗಾಗಿ ಒಂದು ಹಾಳೆ ತೆಗೆದುಕೊಂಡು ಬಂದರುಗಳನ್ನು ಕ್ರಮವಾಗಿ ಬರೆಯಿರಿ. ಪಕ್ಕದಲ್ಲಿ ವೀಸಾ, ಆನ್‌ಲೈನ್ ಕಾರ್ಡ್, ಎಷ್ಟು ಸಲ ಪ್ರವೇಶ ಎಂದು ಮೂರು ಸಾಲು ಮಾಡಿ.

ಮೂರನೇ ಸಾಲು ತುಂಬಾ ಮುಖ್ಯ. ಸಿಂಗಪುರಕ್ಕೆ ವಿಮಾನದಲ್ಲಿ ಇಳಿಯುತ್ತೀರಿ, ಅದು ಒಂದು ಪ್ರವೇಶ. ಹಡಗು ಪೆನಾಂಗ್, ಫುಕೆಟ್ ಸುತ್ತಿ ಮತ್ತೆ ಸಿಂಗಪುರಕ್ಕೆ ಬರುತ್ತದೆ, ಅದು ಎರಡನೇ ಪ್ರವೇಶ. ಹಡಗು ಹತ್ತಿದ ಕ್ಷಣ ಲೆಕ್ಕದಲ್ಲಿ ನೀವು ಆ ದೇಶ ಬಿಟ್ಟಂತೆ. ವೀಸಾ ಒಂದೇ ಸಲಕ್ಕೆ ಇದ್ದರೆ ವಾಪಸ್ ಬರುವ ವಿಮಾನ ಹಿಡಿಯಲು ಒಳಗೇ ಬಿಡುವುದಿಲ್ಲ. ಯುಎಇ, ಯುರೋಪಿನ ಷೆಂಗೆನ್ (ಹಲವು ದೇಶಗಳಿಗೆ ಒಂದೇ ವೀಸಾ) ಎಲ್ಲಕ್ಕೂ ಇದೇ ಮಾತು. ಹಲವು ಸಲ ಪ್ರವೇಶದ ವೀಸಾ ಎಂದು ಅರ್ಜಿಯಲ್ಲೇ ಗುರುತು ಹಾಕಿ, ಕೈಗೆ ಬಂದ ವೀಸಾದಲ್ಲೂ ಮತ್ತೊಮ್ಮೆ ನೋಡಿ.

ಇನ್ನು ಆನ್‌ಲೈನ್ ಕಾರ್ಡ್‌ಗಳು. ಸಿಂಗಪುರದ ಎಸ್‌ಜಿ ಅರೈವಲ್ ಕಾರ್ಡ್, ಮಲೇಷ್ಯಾದ ಎಂಡಿಎಸಿ, 2025ರ ಮೇ 1ರಿಂದ ಬಂದ ಥಾಯ್ಲೆಂಡಿನ ಟಿಡಿಎಸಿ. ಇವು ವೀಸಾ ಅಲ್ಲ, ಪ್ರವೇಶದ ಮಾಹಿತಿ ಅಷ್ಟೇ. ತಲುಪುವ ದಿನದ ಹಿಂದಿನ ಮೂರು ದಿನಗಳ ಒಳಗೆ ತುಂಬಬೇಕು. ಮೂರೂ ಉಚಿತ. ಹಣ ಕೇಳುವ ಜಾಲತಾಣ ಕಂಡರೆ ಅದು ಸರ್ಕಾರದ್ದಲ್ಲ. ಹಡಗಿನಲ್ಲಿ ಇಂಟರ್ನೆಟ್ ದುಬಾರಿ, ಸಿಗದೆಯೂ ಇರಬಹುದು. ಆದ್ದರಿಂದ ಮುಂದಿನ ಬಂದರುಗಳ ಕಾರ್ಡನ್ನು ಹತ್ತುವ ಮೊದಲೇ ತುಂಬಬಹುದಾದರೆ ತುಂಬಿ, ಪ್ರಿಂಟ್ ತೆಗೆದಿಡಿ. ಭಾರತೀಯರಿಗೆ ಮಲೇಷ್ಯಾ ಕೊಟ್ಟಿರುವ ವೀಸಾ ವಿನಾಯಿತಿ 2026ರ ಕೊನೆಯವರೆಗೆ. ಇಂಥವು ಬದಲಾಗುತ್ತಲೇ ಇರುತ್ತವೆ, ಬುಕಿಂಗ್ ದಿನ ಒಮ್ಮೆ, ಹೊರಡುವ ವಾರ ಇನ್ನೊಮ್ಮೆ ನೋಡಿ.

ಆಫ್ರಿಕಾದ ಬಂದರು ಮುಟ್ಟುವ ಕ್ರೂಸ್ ಆದರೆ ಹಳದಿ ಜ್ವರದ ಲಸಿಕೆ ಬೇಕಾಗುತ್ತದೆಯೇ ನೋಡಿ. ಲಸಿಕೆಯ ಪ್ರಮಾಣಪತ್ರ ಹಾಕಿಸಿಕೊಂಡ ಹತ್ತು ದಿನಗಳ ನಂತರವೇ ಲೆಕ್ಕಕ್ಕೆ ಬರುತ್ತದೆ.

ಹೆಜ್ಜೆ 3: ಬ್ಯಾಗು ಕಟ್ಟುವಾಗ

ನಮ್ಮ ಮನೆಗಳಲ್ಲಿ ಪ್ರಯಾಣ ಎಂದರೆ ಬುತ್ತಿ. ಖಡಕ್ ರೊಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಚಟ್ನಿ. ಮನೆಯಲ್ಲಿ ಮಾಡಿದ ಅಡುಗೆಯನ್ನು ಹಡಗು ಕಂಪನಿಗಳು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ರೈಲಿನವರೆಗಿನ ದಾರಿಗೆ ಕಟ್ಟಿಕೊಳ್ಳಿ, ಬಂದರಿಗೆ ಮುಂಚೆ ಖಾಲಿ ಮಾಡಿ.

ಒಂದು ಪದಾರ್ಥದ ಬಗ್ಗೆ ಕೈಮುಗಿದು ಹೇಳುತ್ತೇನೆ: ಗಸಗಸೆ. ನಮಗೆ ಅದು ಪಾಯಸ, ಮಸಾಲೆ. ಯುಎಇ, ಸಿಂಗಪುರದಲ್ಲಿ ಮಾದಕ ವಸ್ತುವಿನ ಕಾನೂನಿಗೆ ಸೇರುತ್ತದೆ. ಪೊಟ್ಟಣ ಮಾತ್ರವಲ್ಲ, ಗಸಗಸೆ ಹಾಕಿದ ಉಂಡೆ, ಮಸಾಲೆ ಪುಡಿಯೂ ಬೇಡ. ಜರ್ದಾ, ಗುಟ್ಕಾ, ಖೈನಿ ಸಿಂಗಪುರದಲ್ಲಿ ನಿಷೇಧ. ಸಿಗರೇಟಿಗೆ ಅಲ್ಲಿ ತೆರಿಗೆ ವಿನಾಯಿತಿಯೇ ಇಲ್ಲ, ಒಂದು ಪ್ಯಾಕ್ ಇದ್ದರೂ ಘೋಷಿಸಬೇಕು. ಚೂಯಿಂಗ್ ಗಮ್ ಕೂಡ ಒಯ್ಯಬೇಡಿ.

ಬಿಪಿ, ಶುಗರ್ ಮಾತ್ರೆಗಳನ್ನು ಡಬ್ಬಿಗೆ ಸುರಿಯಬೇಡಿ. ಮೂಲ ಸ್ಟ್ರಿಪ್‌ನಲ್ಲೇ ಇರಲಿ, ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿರಲಿ. ಕೊಡೀನ್ ಇರುವ ಕೆಮ್ಮಿನ ಔಷಧಿ, ಟ್ರಮಡಾಲ್ ಇರುವ ನೋವಿನ ಮಾತ್ರೆ ಯುಎಇಯಲ್ಲಿ ನಿಯಂತ್ರಿತ. ಕರ್ಪೂರ, ಊದುಬತ್ತಿ, ಇಸ್ತ್ರಿಪೆಟ್ಟಿಗೆ ಬೆಂಕಿಯ ಭಯಕ್ಕೆ ಹಡಗಿನಲ್ಲಿ ಬಿಡುವುದಿಲ್ಲ.

ಚಿನ್ನದ ವಿಷಯ ನಿಧಾನವಾಗಿ ಓದಿ. ಮೈಮೇಲಿನ ತಾಳಿ, ಬಳೆ ಬಿಟ್ಟು ಹೆಚ್ಚಿನ ಒಡವೆ ಒಯ್ಯುವುದಾದರೆ, ಭಾರತ ಬಿಡುವಾಗ ಕಸ್ಟಮ್ಸ್ ಕೌಂಟರ್‌ನಲ್ಲಿ ರಫ್ತು ಪ್ರಮಾಣಪತ್ರ ಮಾಡಿಸಿ. ಒಡವೆಯ ತೂಕ, ವಿವರ ಅದರಲ್ಲಿ ಬರೆದುಕೊಡುತ್ತಾರೆ. ವಾಪಸ್ ಬಂದಾಗ ಇದು ಹೊರಗೆ ಕೊಂಡದ್ದಲ್ಲ, ನಮ್ಮದೇ ಎಂದು ತೋರಿಸಲು ಅದೊಂದೇ ಗಟ್ಟಿ ಆಧಾರ. ದುಬಾರಿ ಕ್ಯಾಮೆರಾಗೂ ಇದೇ ದಾರಿ. ಅಂಗಡಿಯ ಬಿಲ್ಲು, ಒಡವೆಯ ಫೋಟೊ ಜೊತೆಗಿದ್ದರೆ ಕೆಲಸ ಬೇಗ ಆಗುತ್ತದೆ. ಇದಕ್ಕೆ ಹೆಚ್ಚು ಸಮಯ ಇಟ್ಟುಕೊಂಡು ಹೋಗಿ. ನನ್ನ ಸಲಹೆ ಕೇಳಿದರೆ, ಹಡಗಿನ ಪ್ರವಾಸಕ್ಕೆ ಒಡವೆ ಬೇಡವೇ ಬೇಡ. ಲಾಕರ್‌ನಲ್ಲಿಡಿ.

ಭಾರತದ ನೋಟು 25,000 ರೂಪಾಯಿವರೆಗೆ ಹೊರಗೆ ಒಯ್ಯಬಹುದು. ವಿದೇಶಿ ನೋಟು ಒಂದು ಪ್ರಯಾಣಕ್ಕೆ 3,000 ಡಾಲರ್‌ವರೆಗೆ, ಉಳಿದದ್ದು ಕಾರ್ಡಿನಲ್ಲಿ. ನೋಟು ಕೊಂಡ ರಸೀದಿ ಇಟ್ಟುಕೊಳ್ಳಿ.

ಹೆಜ್ಜೆ 4: ಹತ್ತುವ ದಿನ

ರಾಯಚೂರಿನವರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ನೇರ ಮುಂಬೈ ಸಿಎಸ್‌ಎಂಟಿಗೆ ಹೋಗುತ್ತದೆ. ಕ್ರೂಸ್ ಟರ್ಮಿನಲ್ ಇರುವ ಬ್ಯಾಲಾರ್ಡ್ ಪಿಯರ್ ಅಲ್ಲಿಂದ ಹತ್ತಿರ. ಬಳ್ಳಾರಿ, ಕೊಪ್ಪಳದವರಿಗೆ ಅಮರಾವತಿ ಎಕ್ಸ್‌ಪ್ರೆಸ್ ವಾಸ್ಕೋವರೆಗೂ ಇದೆ, ಮರ್ಮಗೋವಾ ಬಂದರು ಪಕ್ಕದಲ್ಲೇ. ಯಾವ ರೈಲಾದರೂ ಒಂದು ದಿನ ಮೊದಲೇ ತಲುಪಿ. ಹಡಗು ಹೊರಡುವ ಸಮಯ ಬೇರೆ, ಗೇಟು ಮುಚ್ಚುವ ಸಮಯ ಬೇರೆ. ಹೋಗುವವರ ಪಟ್ಟಿ ಕೊಟ್ಟು ಆದೇಶ ಪಡೆದ ಮೇಲೆ ನಿಮಗಾಗಿ ಅದನ್ನು ಮತ್ತೆ ತೆರೆಯುವುದಿಲ್ಲ.

ಕ್ರಮ ಹೀಗಿರುತ್ತದೆ. ದೊಡ್ಡ ಬ್ಯಾಗು ಟ್ಯಾಗ್ ಹಾಕಿ ಒಪ್ಪಿಸುತ್ತೀರಿ. ಭದ್ರತಾ ತಪಾಸಣೆ. ಕಂಪನಿಯ ಚೆಕ್ ಇನ್, ಅಲ್ಲಿ ಫೋಟೊ ತೆಗೆದು ಕ್ರೂಸ್ ಕಾರ್ಡ್ ಕೊಡುತ್ತಾರೆ. ವಿದೇಶಕ್ಕೆ ಹೋಗುವ ಹಡಗಾದರೆ ಆಮೇಲೆ ಇಮಿಗ್ರೇಷನ್, ಕಸ್ಟಮ್ಸ್. ಒಪ್ಪಿಸಿದ ಬ್ಯಾಗು ಸಂಜೆವರೆಗೂ ರೂಮಿಗೆ ಬರದಿರಬಹುದು, ಆದ್ದರಿಂದ ಪಾಸ್‌ಪೋರ್ಟ್, ವೀಸಾ, ಮಾತ್ರೆ, ಒಪ್ಪಿಗೆ ಪತ್ರ ಕೈಚೀಲದಲ್ಲೇ ಇರಲಿ.

ವಿಮಾನದಲ್ಲಿ ಹೋಗಿ ಬಂದವರಿಗೂ ಗೊತ್ತಿಲ್ಲದ ಒಂದು ವ್ಯತ್ಯಾಸ ಇದೆ. ಹೊರಡುವ ಭಾರತೀಯರು ತುಂಬುತ್ತಿದ್ದ ಡಿಪಾರ್ಚರ್ ಕಾರ್ಡನ್ನು 2017ರ ಜುಲೈ 1ರಿಂದ ನಿಲ್ಲಿಸಿದ್ದು ವಿಮಾನ ನಿಲ್ದಾಣಗಳಲ್ಲಿ ಮಾತ್ರ. ಬಂದರು, ರೈಲು, ರಸ್ತೆ ಗಡಿಗಳನ್ನು ಆ ಆದೇಶ ಹೊರಗಿಟ್ಟಿತ್ತು. ಹಾಗಾಗಿ ಕೈಯಲ್ಲಿ ಪೆನ್ನಿರಲಿ. ಓದು ಬರದ ಹಿರಿಯರು ಜೊತೆಗಿದ್ದರೆ ಅವರ ವಿವರ ಮೊದಲೇ ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದಿಡಿ.

ಅಧಿಕಾರಿ ಕೇಳುವುದು ಸರಳ: ಎಲ್ಲಿಗೆ, ಎಷ್ಟು ದಿನ, ಯಾರ ಜೊತೆ, ಏನು ಕೆಲಸ. ಚಿಕ್ಕದಾಗಿ, ಇದ್ದದ್ದನ್ನು ಇದ್ದಂತೆ ಹೇಳಿ. ಅಮ್ಮನಿಗೆ ಹಿಂದಿ, ಇಂಗ್ಲಿಷ್ ಬರದಿದ್ದರೆ ಒಟ್ಟಿಗೆ ನಿಂತು, ಅವರ ಪರವಾಗಿ ಮಾತಾಡಲು ಅನುಮತಿ ಕೇಳಿ.

ಹೆಜ್ಜೆ 5: ದಾರಿಯ ಬಂದರುಗಳಲ್ಲಿ

ಕೆಲವು ಹಡಗುಗಳಲ್ಲಿ ಪಾಸ್‌ಪೋರ್ಟನ್ನು ಅವರೇ ಇಟ್ಟುಕೊಂಡು ರಸೀದಿ ಕೊಡುತ್ತಾರೆ. ಗಾಬರಿ ಬೇಡ. ಬಂದರಿನ ಅಧಿಕಾರಿಗಳಿಗೆ ಎಲ್ಲರದ್ದೂ ಒಟ್ಟಿಗೆ ತೋರಿಸಲು ಇದು ಅನುಕೂಲ. ನೀವು ಫೋಟೊ ಪ್ರತಿ ಜೊತೆಗಿಡಿ, ಇಳಿಯುವಾಗ ಕ್ರೂಸ್ ಕಾರ್ಡ್ ಮರೆಯಬೇಡಿ.

ಕೆಲವು ಬಂದರುಗಳಲ್ಲಿ ಎಲ್ಲ ಪ್ರಯಾಣಿಕರೂ ಖುದ್ದಾಗಿ ಅಧಿಕಾರಿಯ ಮುಂದೆ ಬರಬೇಕು. ಊರು ನೋಡಲು ಇಳಿಯದವರೂ ಬರಬೇಕು. ಕೊನೆಯ ವ್ಯಕ್ತಿ ಮುಗಿಯುವವರೆಗೆ ಹಡಗಿನ ಕ್ಲಿಯರೆನ್ಸ್ ಮುಗಿಯುವುದಿಲ್ಲ, ಬೇರೆಯವರೆಲ್ಲ ನಿಮಗಾಗಿ ಕಾಯುತ್ತಾರೆ. ಹಿಂದಿನ ರಾತ್ರಿ ರೂಮಿಗೆ ಬರುವ ಹಾಳೆಯಲ್ಲಿ ಸಮಯ, ಡೆಕ್ ನಂಬರ್ ಇರುತ್ತದೆ. ಓದಿ ಮಲಗಿ.

ಹಡಗಿನ ತಿಂಡಿ, ಹಣ್ಣು ದಡಕ್ಕೆ ಒಯ್ಯಬೇಡಿ. ತಾಜಾ ಹಣ್ಣು, ಮಾಂಸಕ್ಕೆ ಬಹಳ ದೇಶಗಳಲ್ಲಿ ದಂಡ ಇದೆ.

ಹೆಜ್ಜೆ 6: ವಾಪಸ್ ಭಾರತಕ್ಕೆ

ಮುದ್ರೆ ಬಿದ್ದ ಮೇಲೆ ಕಸ್ಟಮ್ಸ್. ಹಸಿರು ದಾರಿ ಘೋಷಿಸಲು ಏನೂ ಇಲ್ಲದವರಿಗೆ, ಕೆಂಪು ದಾರಿ ಇರುವವರಿಗೆ. ತೆರಿಗೆ ಕಟ್ಟಬೇಕಾದ ಸಾಮಾನು ಇಟ್ಟುಕೊಂಡು ಹಸಿರಿನಲ್ಲಿ ನಡೆದರೆ ಅದೇ ಅಪರಾಧ, "ಗೊತ್ತಿರಲಿಲ್ಲ" ಎಂಬುದು ನಡೆಯುವುದಿಲ್ಲ. ಅನುಮಾನ ಇದ್ದರೆ ಕೆಂಪಿಗೆ ಹೋಗಿ ಕೇಳಿ. ಕೇಳಿದವರಿಗೆ ದಂಡ ಬೀಳುವುದಿಲ್ಲ. ಅತಿಥಿ ಎಂಬ ಕಸ್ಟಮ್ಸ್ ಆ್ಯಪ್‌ನಲ್ಲಿ ಮೊದಲೇ ಘೋಷಣೆ ತುಂಬಬಹುದು.

2016ರ ಬ್ಯಾಗೇಜ್ ನಿಯಮದಲ್ಲಿ ತೆರಿಗೆ ಇಲ್ಲದ ಮಿತಿ 50,000 ರೂಪಾಯಿ ಇತ್ತು. 2026ರ ಫೆಬ್ರವರಿಯಲ್ಲಿ ಬಂದ ಹೊಸ ನಿಯಮ ಅದನ್ನು 75,000ಕ್ಕೆ ಏರಿಸಿತು. ಇದು ತಲೆಗೊಂದು ಲೆಕ್ಕ. ಗಂಡ ಹೆಂಡತಿಯದು ಸೇರಿಸಿ ಒಂದೂವರೆ ಲಕ್ಷದ ಒಂದು ವಸ್ತು ತರುತ್ತೇವೆ ಎಂದರೆ ಆಗುವುದಿಲ್ಲ. ಮದ್ಯ ಎರಡು ಲೀಟರ್, ಸಿಗರೇಟು 100. ಇ-ಸಿಗರೇಟು ಭಾರತದಲ್ಲಿ 2019ರಿಂದ ನಿಷೇಧ, ತರಲೇಬೇಡಿ. ಚಿನ್ನದ ಬಿಸ್ಕತ್ತು, ನಾಣ್ಯ ಈ ಮಿತಿಯೊಳಗೆ ಬರುವುದಿಲ್ಲ. ಹೆಂಗಸರಿಗೆ 40 ಗ್ರಾಂ, ಉಳಿದವರಿಗೆ 20 ಗ್ರಾಂ ಒಡವೆ ಎಂದು ಕೇಳಿರುತ್ತೀರಿ. ಅದು ಒಂದು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿ ವಾಸವಿದ್ದು ಬರುವವರಿಗೆ. ವಾರದ ಕ್ರೂಸ್ ಮುಗಿಸಿ ಬಂದವರಿಗೆ ಸಿಗುವುದಿಲ್ಲ.

ಯಾರೋ ಹಡಗಿನಲ್ಲಿ ಪರಿಚಯವಾದವರು "ಈ ಪೊಟ್ಟಣ ಸ್ವಲ್ಪ ನಿಮ್ಮ ಬ್ಯಾಗಲ್ಲಿ ಇಟ್ಕೊಳ್ಳಿ" ಎಂದರೆ ಖಡಾಖಂಡಿತ ಬೇಡ ಎನ್ನಿ. ನಮ್ಮ ಜನ ಇಲ್ಲ ಎನ್ನಲು ಸಂಕೋಚ ಪಡುತ್ತಾರೆ. ಬ್ಯಾಗಿನಲ್ಲಿ ಸಿಕ್ಕಿದ್ದಕ್ಕೆ ಬ್ಯಾಗಿನವರೇ ಹೊಣೆ.

ಕೈಯಲ್ಲಿ ವಿದೇಶಿ ನೋಟು 5,000 ಡಾಲರ್‌ಗಿಂತ ಹೆಚ್ಚು, ಅಥವಾ ನೋಟು, ಚೆಕ್ಕು ಎಲ್ಲ ಸೇರಿ 10,000 ಡಾಲರ್‌ಗಿಂತ ಹೆಚ್ಚಿದ್ದರೆ ಕರೆನ್ಸಿ ಘೋಷಣೆ ಫಾರ್ಮ್ ತುಂಬಬೇಕು. ತೆರಿಗೆ ಕಟ್ಟಿದರೆ ರಸೀದಿ ಕೇಳಿ ಪಡೆಯಿರಿ. ಅದೇ ವಸ್ತುವನ್ನು ಮುಂದೆ ಮತ್ತೆ ಹೊರದೇಶಕ್ಕೆ ಒಯ್ದರೆ, ರಫ್ತು ಪ್ರಮಾಣಪತ್ರ ಮಾಡಿಸುವಾಗ ಆ ರಸೀದಿಯೇ ಬಿಲ್ಲಿನ ಜಾಗದಲ್ಲಿ ಕೆಲಸಕ್ಕೆ ಬರುತ್ತದೆ.